ಒಂಬತ್ತು ತಂತಿಯ ಟ್ರಾನ್ಸ್‌ಫಾರ್ಮರ್: ತಲೆ-ಬಾಲ ಹುಡುಕಿ ಜೋಡಿಸುವ ಬಗೆ

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಕಟ್ಟಡದ ಭಜನೆಯ ಆಂಪ್ಲಿಫೈಯರ್ ನಿಂತುಹೋಯಿತು. ಬಿಚ್ಚಿ ನೋಡಿದರೆ ಬೋರ್ಡಿಗೆ ಏನೂ ಆಗಿರಲಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಹೊಸದನ್ನು ಹುಡುಕಿಕೊಂಡು ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಬೋರ್ಡುಗಳ ಮೇಲೆ ಈಗ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತ ಇದೆ, ಆದರೆ ಬಿಡಿಭಾಗ ಕೊಳ್ಳುವವರ ಬಾಯಲ್ಲಿ ಅದು ಇವತ್ತಿಗೂ ಲ್ಯಾಮಿಂಗ್ಟನ್ ರೋಡೇ. ಅಲ್ಲಿ ಹಳೆಯ ಯಂತ್ರದಿಂದ ಬಿಚ್ಚಿದ ಒಂದು ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಭಾರವಾದ ಕೋರ್ (ಸುರುಳಿಗಳ ನಡುವಿನ ಕಬ್ಬಿಣದ ತಗಡುಗಳ ಗಟ್ಟಿ), ಒಳ್ಳೆಯ ವಾರ್ನಿಷ್, ಒಂಬತ್ತು ತಂತಿ. ಚೀಟಿ ಮಾತ್ರ ಹರಿದುಹೋಗಿತ್ತು. '115' ಮತ್ತು '18' ಎಂಬ ಎರಡು ಅಂಕಿ ಅರ್ಧಂಬರ್ಧ ಕಾಣುತ್ತಿದ್ದವು. "ಡಬಲ್ ವೈಂಡಿಂಗ್ ಹೈ, ಜೋಡ್ ಲೋ", ಅಂದರೆ ಎರಡೆರಡು ಸುರುಳಿ ಇವೆ, ಜೋಡಿಸಿಕೊಳ್ಳಿ ಅಂತ ಹೇಳಿ ಅಂಗಡಿಯವರು ಕಟ್ಟಿಕೊಟ್ಟರು.

ಮನೆಗೆ ತಂದಾಗ ಅಕ್ಕನ ಮಗ ಪಕ್ಕದಲ್ಲೇ ಕೂತ. "ಮಾವ, ಎರಡು ತಂತಿ ಕಪ್ಪು ಇದೆ, ಎರಡು ಕೆಂಪು ಇದೆ. ಒಂದೇ ಬಣ್ಣದ್ದನ್ನು ಸೇರಿಸಿಬಿಡಲಾ?" ಅಂತ ಕೇಳಿದ. ಬೇಡ ಅಂದೆ. ಈ ಬರಹ ಹುಟ್ಟಿದ್ದೇ ಆ 'ಬೇಡ'ದಿಂದ. ಪ್ರತಿ ವೈಂಡಿಂಗ್‌ನ ತಲೆ ಯಾವುದು, ಬಾಲ ಯಾವುದು ಅಂತ ಕಡಿಮೆ ವೋಲ್ಟೇಜಿನಲ್ಲಿ ನಾವೇ ಅಳೆದು ತಿಳಿಯುವ ತನಕ ಮನೆಯ ಕರೆಂಟನ್ನು ಅದರ ಹತ್ತಿರವೂ ತರಬಾರದು. ಬಣ್ಣವನ್ನಾಗಲಿ ಚೀಟಿಯನ್ನಾಗಲಿ ನಂಬುವ ಕೆಲಸ ಇದಲ್ಲ.

ಮೊದಲೇ ಒಂದು ಮಾತು. ಕೊನೆಯ ಹಂತಗಳಲ್ಲಿ 230 ವೋಲ್ಟ್ ಬರುತ್ತದೆ. ಅದನ್ನು ಮುಟ್ಟಿ ಕೆಲಸ ಮಾಡಿ ಅಭ್ಯಾಸ ಇಲ್ಲದಿದ್ದರೆ ತಲೆ-ಬಾಲ ಗುರುತು ಮಾಡುವವರೆಗೆ ನೀವು ಮಾಡಿ, ಮುಂದಿನದಕ್ಕೆ ಎಲೆಕ್ಟ್ರಿಷಿಯನ್ನನ್ನು ಕೂರಿಸಿಕೊಳ್ಳಿ.

ತಲೆ-ಬಾಲ ಅಂದರೆ ಏನು

1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ ತಾಗಿಸಿದಾಗ ಇನ್ನೊಂದು ಸುರುಳಿಯ ತಂತಿಯ ಪಕ್ಕದಲ್ಲಿದ್ದ ಕಾಂತದ ಮುಳ್ಳು ಅಲುಗಿತು. ನಮ್ಮ ಟ್ರಾನ್ಸ್‌ಫಾರ್ಮರ್ ಕೂಡ ಅದೇ. ಒಂದೇ ಕೋರ್ ಮೇಲೆ ಹಲವು ಸುರುಳಿ, ಎಲ್ಲವುಗಳ ಒಳಗೂ ಹಾದುಹೋಗುವುದು ಒಂದೇ ಕಾಂತಬಲ. ಹಾಗಾಗಿ ಪ್ರತಿ ಸುತ್ತಿನಲ್ಲೂ ಒಂದೇ ಅಳತೆಯ ವೋಲ್ಟೇಜ್ ಹುಟ್ಟುತ್ತದೆ. ಸುತ್ತು ಜಾಸ್ತಿಯಾದರೆ ವೋಲ್ಟ್ ಜಾಸ್ತಿ.

ಸುತ್ತಲು ಶುರು ಮಾಡಿದ ತುದಿ ತಲೆ, ಮುಗಿಸಿದ ತುದಿ ಬಾಲ. ನಕ್ಷೆಯಲ್ಲಿ ತಲೆಯ ಪಕ್ಕ ಒಂದು ಚುಕ್ಕೆ ಇಡುತ್ತಾರೆ. ಒಂದೇ ಗಳಿಗೆಯಲ್ಲಿ ಎಲ್ಲ ಚುಕ್ಕೆಗಳೂ ಒಟ್ಟಿಗೆ ಪ್ಲಸ್ ಆಗುತ್ತವೆ, ಒಟ್ಟಿಗೆ ಮೈನಸ್ ಆಗುತ್ತವೆ. ನಿಜವಾಗಿ ಯಾವ ತುದಿ ಮೊದಲು ಸುತ್ತಿದ್ದು ಅಂತ ನಮಗೆ ಗೊತ್ತಾಗಬೇಕಿಲ್ಲ. ಒಂದನ್ನು ತಲೆ ಅಂತ ಇಟ್ಟುಕೊಂಡರೆ ಉಳಿದವು ಅದಕ್ಕೆ ಹೇಗೆ ಹೊಂದುತ್ತವೆ ಎಂಬುದಷ್ಟೇ ಬೇಕು.

ಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಮಾಸ್ಕಿಂಗ್ ಟೇಪ್, ಕ್ರೊಕೊಡೈಲ್ ಕ್ಲಿಪ್ ಇರುವ ತಂತಿಗಳು, 12 ವೋಲ್ಟಿನ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್, ಮತ್ತು ಸೀರೀಸ್ ಬೋರ್ಡ್, ಅಂದರೆ ಕರೆಂಟು ಒಂದು ಬಲ್ಬನ್ನು ದಾಟಿಯೇ ಮುಂದಕ್ಕೆ ಹೋಗುವಂಥ ಬೋರ್ಡ್. ಸೀರೀಸ್ ಬೋರ್ಡಿನಲ್ಲಿ 60 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬೇ ಇರಬೇಕು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಇನ್ಸುಲೇಷನ್ (ಕರೆಂಟು ಸೋರದಂತೆ ತಡೆಯುವ ಹೊದಿಕೆ) ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ.

ಹಂತ 1: ಒಣಗಿಸಿ

ಇದು ಮುಂಬೈಯವರಿಗೆ ವಿಶೇಷವಾಗಿ ಬೇಕು. ಗುಜರಿಯಲ್ಲಿ, ಚೋರ್ ಬಜಾರಿನ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಕೂತ ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವಿನ ಕಾಗದ ಜುಲೈ ತಿಂಗಳ ತೇವದ ಗಾಳಿಯನ್ನು ಕುಡಿದಿರುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಅದನ್ನಿಟ್ಟು, ರಟ್ಟಿಗೆ ತಾಗದಂತೆ ಒಂದು 60 ವ್ಯಾಟ್ ಬಲ್ಬ್ ತೂಗಿಸಿ, ಮೇಲೆ ಸ್ವಲ್ಪ ಸಂದಿ ಬಿಟ್ಟು ಇಡೀ ಹಗಲು ಉರಿಸಿ. ಮನೆಯಲ್ಲಿ ಯಾರಾದರೂ ಕಣ್ಣಿಟ್ಟಿರಬೇಕು, ರಾತ್ರಿ ಉರಿಸಿ ಮಲಗಬೇಡಿ.

ಹಂತ 2: ಜೋಡಿ ಹುಡುಕಿ

ಪ್ರತಿ ತಂತಿಗೂ ಟೇಪ್ ಸುತ್ತಿ 1ರಿಂದ 9ರವರೆಗೆ ನಂಬರ್ ಬರೆಯಿರಿ. ಮೀಟರನ್ನು 200 ಓಮ್‌ಗೆ ಇಟ್ಟು ಯಾವುದಕ್ಕೆ ಯಾವುದು ಸಂಪರ್ಕ ತೋರಿಸುತ್ತದೆ ಅಂತ ನೋಡಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿ. ನನ್ನದು 0.2 ಓಮ್ ತೋರಿಸುತ್ತದೆ. ಎಲ್ಲ ಅಳತೆಯಿಂದ ಅಷ್ಟನ್ನು ಕಳೆಯಬೇಕು. ಅಳೆಯುವಾಗ ತಂತಿಯ ತುದಿಗಳನ್ನು ಬೆರಳಲ್ಲಿ ಹಿಡಿಯಬೇಡಿ. ಮೀಟರ್ ತೆಗೆದ ಕ್ಷಣ ಸುರುಳಿ ಒಂದು ಏಟು ಕೊಡುತ್ತದೆ.

ನನಗೆ ಸಿಕ್ಕಿದ್ದು ಹೀಗೆ. 1-2 ನಡುವೆ 6.4 ಓಮ್. 3-4 ನಡುವೆ 6.9. 5-6 ಮತ್ತು 7-8 ಎರಡೂ ಕಳೆದ ಮೇಲೆ 0.2. ಒಂಬತ್ತನೆಯದು ಯಾವುದಕ್ಕೂ ಸಂಪರ್ಕವಿಲ್ಲ.

ಓಮ್ ಜಾಸ್ತಿ ಇರುವುದು ಸಣ್ಣ ತಂತಿಯ, ಹೆಚ್ಚು ಸುತ್ತಿನ ವೈಂಡಿಂಗ್. ಅಂದರೆ ಪ್ರೈಮರಿ, ಮನೆಯ ಕರೆಂಟು ಕೊಡುವ ಕಡೆ. 5-6 ಮತ್ತು 7-8 ಸೆಕೆಂಡರಿ, ಕಡಿಮೆ ವೋಲ್ಟ್ ಹೊರಬರುವ ಕಡೆ. 6.4ಕ್ಕೂ 6.9ಕ್ಕೂ ವ್ಯತ್ಯಾಸ ಕಂಡು ಹುಡುಗ ಗಾಬರಿಯಾದ. ಗಾಬರಿ ಬೇಡ. ಒಂದರ ಮೇಲೊಂದು ಸುತ್ತಿದಾಗ ಹೊರಗಿನದರ ಪ್ರತಿ ಸುತ್ತೂ ತುಸು ಉದ್ದ. ಸುತ್ತಿನ ಲೆಕ್ಕ ಒಂದೇ ಇದ್ದರೂ ತಂತಿ ಉದ್ದವಾಗುತ್ತದೆ, ಓಮ್ ಏರುತ್ತದೆ. ಸುತ್ತು ಸಮ ಇದೆಯೋ ಇಲ್ಲವೋ ಎಂಬುದನ್ನು ಓಮ್ ನೋಡಿ ಹೇಳಬಾರದು, ವೋಲ್ಟ್ ನೋಡಿ ಹೇಳಬೇಕು.

ಒಂಟಿ ತಂತಿ ಹೆಚ್ಚಾಗಿ ಪ್ರೈಮರಿ-ಸೆಕೆಂಡರಿ ನಡುವೆ ಇಟ್ಟ ತಾಮ್ರದ ತಗಡಿನದು. ಅದನ್ನು ಅರ್ಥ್‌ಗೆ ಕೊಡಬೇಕು. ಕರೆಂಟಿನ ಗದ್ದಲ ಸ್ಪೀಕರಿಗೆ ಹೋಗುವುದನ್ನು ಅದು ತಡೆಯುತ್ತದೆ. ಮೂರು ತಂತಿ ಒಟ್ಟಿಗೆ ಸಂಪರ್ಕ ತೋರಿಸಿದರೆ ಅದರಲ್ಲಿ ಒಂದು ಟ್ಯಾಪ್, ಅಂದರೆ ಸುರುಳಿಯ ನಡುವಿನಿಂದ ಹೊರತಂದ ತಂತಿ. ಅತಿ ಹೆಚ್ಚು ಓಮ್ ತೋರಿಸುವ ಎರಡು ತುದಿಗಳನ್ನು ಬಿಟ್ಟು ಉಳಿದದ್ದೇ ಟ್ಯಾಪ್.

ಹಂತ 3: ಇನ್ಸುಲೇಷನ್ ನೋಡಿ

ಮೆಗ್ಗರನ್ನು ಪ್ರೈಮರಿಗೂ ಸೆಕೆಂಡರಿಗೂ ನಡುವೆ, ಆಮೇಲೆ ಪ್ರತಿಯೊಂದಕ್ಕೂ ಕೋರಿಗೂ ನಡುವೆ, ಒಂಬತ್ತನೆಯ ತಂತಿಗೂ ಹಾಕಿ ನೋಡಿ. ಒಣಗಿಸುವ ಮೊದಲು ನನ್ನದು 15 ಮೆಗಾಓಮ್ ಇತ್ತು. ಒಣಗಿದ ಮೇಲೆ 200 ದಾಟಿತು. ಚೆನ್ನಾಗಿ ಒಣಗಿಸಿದ ಮೇಲೂ ಕೆಲವೇ ಮೆಗಾಓಮ್ ಬಂದರೆ ಆ ಟ್ರಾನ್ಸ್‌ಫಾರ್ಮರನ್ನು ಬಿಟ್ಟುಬಿಡಿ. ಮಲ್ಟಿಮೀಟರಿನ ಮೆಗಾಓಮ್ ಈ ಕೆಲಸಕ್ಕೆ ಸಾಲದು. ಅದರ ಒಳಗಿನ ಬ್ಯಾಟರಿ ಕೊಡುವುದು ಕೆಲವೇ ವೋಲ್ಟ್. ತಂತಿಯ ಮೇಲಿನ ಬಿರುಕು ಬಿಟ್ಟ ಇನಾಮಲ್ ಲೇಪ ಅಷ್ಟಕ್ಕೆ ಸುಮ್ಮನಿದ್ದು 230ಕ್ಕೆ ಸಿಡಿಯುತ್ತದೆ.

ಹಂತ 4: ಕಡಿಮೆ ವೋಲ್ಟಿನಲ್ಲಿ ಅಳೆಯಿರಿ

ಈಗ ಚಿಕ್ಕ ಟ್ರಾನ್ಸ್‌ಫಾರ್ಮರಿನ 12 ವೋಲ್ಟನ್ನು 1-2ಕ್ಕೆ ಕೊಡಿ. ನನ್ನದು ಆ ಹೊತ್ತಿಗೆ 12.6 ಕೊಡುತ್ತಿತ್ತು. ಉಳಿದವುಗಳನ್ನು ಎಸಿ ವೋಲ್ಟಿನಲ್ಲಿ ಅಳೆದೆ: 3-4 ರಲ್ಲಿ 12.6, 5-6 ರಲ್ಲಿ 2.1, 7-8 ರಲ್ಲೂ 2.1.

ಎರಡು ಪ್ರೈಮರಿ ಸಮ. ಸೆಕೆಂಡರಿ ಅದರ ಆರನೇ ಒಂದು. ಪ್ರೈಮರಿಗೆ 115 ಬಂದರೆ ಸೆಕೆಂಡರಿಯಲ್ಲಿ 19.2. ಏನೂ ಜೋಡಿಸದಿದ್ದಾಗ 19, ಕೆಲಸ ಮಾಡುವಾಗ ಸುಮಾರು 18. ಚೀಟಿಯ ಅರ್ಧ ಅಂಕಿಗೂ ಇದಕ್ಕೂ ಹೊಂದಿಕೆಯಾಯಿತು.

ಈ 12 ವೋಲ್ಟನ್ನು ತಪ್ಪಿಯೂ ಸೆಕೆಂಡರಿಗೆ ಕೊಡಬೇಡಿ. ಆರರಷ್ಟಾಗಿ ಪ್ರತಿ ಪ್ರೈಮರಿಯಲ್ಲಿ 75 ವೋಲ್ಟ್ ಎದ್ದುಬಿಡುತ್ತದೆ. ಎರಡು ಸೇರಿದ್ದರೆ 150. ಮೇಜಿನ ಮೇಲೆ ಬರಿಯ ತುದಿಗಳು ಬಿದ್ದಿರುತ್ತವೆ, ಅಲ್ವಾ?

ಪ್ರೈಮರಿ 115ರದ್ದೇ ಅಂತ ಹೇಗೆ ಖಾತ್ರಿ? ಚೀಟಿ ಪೂರ್ತಿ ಇಲ್ಲ. ಅನುಪಾತ ಮಾತ್ರ ಗೊತ್ತಾಗಿದೆ. ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ದಾರಿ ಇದೆ. ಸುರುಳಿಗೂ ಕೋರಿಗೂ ನಡುವಿನ ಸಂದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ತೂರಿಸಿ ಹತ್ತು ಸುತ್ತು ಸುತ್ತಿ. 12.6 ವೋಲ್ಟ್ 1-2ಕ್ಕೆ ಇರುವಾಗ ಆ ಹತ್ತು ಸುತ್ತಿನಲ್ಲಿ ಎಷ್ಟು ಬರುತ್ತದೆ ಅಂತ ಅಳೆಯಿರಿ. ನನಗೆ 0.353 ಬಂತು. 12.6ನ್ನು 0.353ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ 357. ಪ್ರೈಮರಿಗೆ ಅಷ್ಟು ಸುತ್ತು!

ಈಗ ಕೋರಿನ ನಡುವಿನ ಕಾಲನ್ನು ಅಳೆಯಿರಿ. ಅಗಲ 3.2 ಸೆಂಟಿಮೀಟರ್, ತಗಡುಗಳ ದಪ್ಪ 3.8. ಸುಮಾರು 12 ಚದರ ಸೆಂಟಿಮೀಟರ್. 50 ಹರ್ಟ್ಸ್‌ಗೆ, ಸಾಮಾನ್ಯ ತಗಡಿಗೆ, 37ನ್ನು ಈ ಅಳತೆಯಿಂದ ಭಾಗಿಸಿದರೆ ಒಂದು ವೋಲ್ಟಿಗೆ ಎಷ್ಟು ಸುತ್ತು ಬೇಕು ಅಂತ ಸಿಗುತ್ತದೆ: ಸುಮಾರು 3.1. 357ನ್ನು 3.1ರಿಂದ ಭಾಗಿಸಿ. 115. ಕೋರ್ ತಾನೇ ತನ್ನ ಚೀಟಿ ಓದಿ ಹೇಳಿದ ಹಾಗೆ ಆಯಿತು.

ಅದೇ 12 ಚದರ ಸೆಂಟಿಮೀಟರಿನಿಂದ ಟ್ರಾನ್ಸ್‌ಫಾರ್ಮರಿನ ತಾಕತ್ತೂ ತಿಳಿಯುತ್ತದೆ. 12ನ್ನು 1.15ರಿಂದ ಭಾಗಿಸಿ, ಬಂದದ್ದನ್ನು ಬಂದದ್ದರಿಂದಲೇ ಗುಣಿಸಿ. ಸುಮಾರು 109 ವಿಎ (ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದು). ಎರಡು 18 ವೋಲ್ಟಿನ ಸೆಕೆಂಡರಿ, ಒಂದೊಂದಕ್ಕೆ 3 ಆಂಪಿಯರ್ ಅಂದರೆ 108. ಹೊಂದಿತು.

ಹಂತ 5: ತಲೆ-ಬಾಲ

12.6 ವೋಲ್ಟ್ 1-2ಕ್ಕೆ ಹಾಗೇ ಇರಲಿ. 1ನ್ನು ತಲೆ ಅಂತ ಇಟ್ಟುಕೊಂಡು ಟೇಪಿನ ಮೇಲೆ ಚುಕ್ಕೆ ಹಾಕಿ. ಈಗ 2ನ್ನು 3ಕ್ಕೆ ಸೇರಿಸಿ, 1ಕ್ಕೂ 4ಕ್ಕೂ ನಡುವೆ ಅಳೆಯಿರಿ.

25 ಬಂದರೆ ಎರಡೂ ಕೂಡಿಕೊಂಡಿವೆ. 2 ಬಾಲ, ಅದಕ್ಕೆ ಸೇರಿದ 3 ತಲೆ. ಸೊನ್ನೆ ಬಂದರೆ ಒಂದನ್ನೊಂದು ಅಳಿಸುತ್ತಿವೆ. ಆಗ 3 ಬಾಲ, 4 ತಲೆ.

ನನಗೆ ಸೊನ್ನೆ ಬಂತು. ಬಣ್ಣ ನೋಡಿ ಜೋಡಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲೇ ಲೆಕ್ಕ ಹಾಕೋಣ. ಎರಡು ಪ್ರೈಮರಿ ಎದುರುಬದುರಾದರೆ ಕೋರಿನಲ್ಲಿ ಕಾಂತಬಲ ಹುಟ್ಟುವುದಿಲ್ಲ. ಕರೆಂಟನ್ನು ತಡೆಯುವುದು ಬರೀ ತಂತಿಯ ಓಮ್: 6.4 ಮತ್ತು 6.9, ಸೇರಿ 13.3. 230ನ್ನು 13.3ರಿಂದ ಭಾಗಿಸಿದರೆ 17 ಆಂಪಿಯರ್. ಅರ್ಧ ಆಂಪಿಯರ್ ಹೊರಲು ಮಾಡಿದ ಕೂದಲಿನಂಥ ತಂತಿಯಲ್ಲಿ! ಕೆಲವು ವರ್ಷಗಳ ಹಿಂದೆ ಹೀಗೆ ಬಣ್ಣ ನಂಬಿ ಒಂದನ್ನು ಸುಟ್ಟಿದ್ದೇನೆ. ಆ ಹೊಗೆಯ ವಾಸನೆ ಮನೆಯಿಂದ ಹೋಗಲು ಎರಡು ದಿನ ಬೇಕಾಯಿತು. ಆಗ ನನಗೆ ಈ ಪರೀಕ್ಷೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಸೆಕೆಂಡರಿಗೂ ಇದೇ ಕ್ರಮ. 6ನ್ನು 7ಕ್ಕೆ ಸೇರಿಸಿ 5-8 ಅಳೆಯಿರಿ. 4.2 ಬಂದರೆ 5 ಮತ್ತು 7 ತಲೆ. ಸೊನ್ನೆ ಬಂದರೆ 5 ಮತ್ತು 8. ನನ್ನದರಲ್ಲಿ 4.2 ಬಂತು.

ಹಂತ 6: ಪ್ರೈಮರಿ ಜೋಡಣೆ

ನಮ್ಮಲ್ಲಿ 230 ವೋಲ್ಟ್. ಹಾಗಾಗಿ ಎರಡು 115ನ್ನು ಸಾಲಾಗಿ ಜೋಡಿಸಬೇಕು: ಒಂದರ ಬಾಲ ಇನ್ನೊಂದರ ತಲೆಗೆ. ನನ್ನ ಲೆಕ್ಕದಲ್ಲಿ 2 ಮತ್ತು 4 ಸೇರಿತು. 1 ಮತ್ತು 3 ಹೊರಗಿನ ಕರೆಂಟಿಗೆ ಉಳಿದವು. ಸೇರಿಸಿದ ಜಾಗಕ್ಕೆ ಬೆಸುಗೆ ಹಾಕಿ ಸ್ಲೀವ್ ಹಾಕಿ. ಅಲ್ಲೂ 115 ವೋಲ್ಟ್ ಇರುತ್ತದೆ.

ತಲೆಗೆ ತಲೆ, ಬಾಲಕ್ಕೆ ಬಾಲ ಸೇರಿಸುವ ಜೋಡಣೆ ಅಮೆರಿಕದಂಥ 120 ವೋಲ್ಟಿನ ದೇಶಕ್ಕೆ. ಇಲ್ಲಿ ಹಾಗೆ ಮಾಡಿದರೆ, ಅಥವಾ ಒಂದೇ ಪ್ರೈಮರಿಗೆ 230 ಕೊಟ್ಟರೆ, ಕೋರ್ ಕಾಂತಬಲದಿಂದ ತುಂಬಿ ತುಳುಕಿ ಕರೆಂಟ್ ಹಿಡಿತ ತಪ್ಪುತ್ತದೆ.

ಫ್ಯೂಸ್ ಫೇಸ್ ತಂತಿಯಲ್ಲಿರಲಿ. 108ನ್ನು 230ರಿಂದ ಭಾಗಿಸಿದರೆ 0.47 ಆಂಪಿಯರ್. 1 ಆಂಪಿಯರಿನ ನಿಧಾನ ಫ್ಯೂಸ್ ಹಾಕಿ. ಆನ್ ಮಾಡಿದ ಕ್ಷಣ ಟ್ರಾನ್ಸ್‌ಫಾರ್ಮರ್ ಒಂದು ದೊಡ್ಡ ಗುಟುಕು ಎಳೆಯುತ್ತದೆ. ಬೇಗ ಹೋಗುವ ಫ್ಯೂಸ್ ಅದಕ್ಕೇ ಹಾರುತ್ತದೆ. ಕೋರ್, ಒಂಬತ್ತನೆಯ ತಂತಿ, ಲೋಹದ ಪೆಟ್ಟಿಗೆ ಮೂರೂ ಅರ್ಥ್‌ಗೆ.

ನಿಮ್ಮದು ಉಂಗುರದಂಥ ಟೊರಾಯ್ಡ್ ಆಗಿದ್ದರೆ ಒಂದು ಎಚ್ಚರ. ನಡುವಿನ ಬೋಲ್ಟಿನ ಮೇಲ್ತುದಿ ಪೆಟ್ಟಿಗೆಯ ಮುಚ್ಚಳಕ್ಕೆ, ಕೆಳತುದಿ ತಳಕ್ಕೆ ತಾಗಬಾರದು. ಎರಡೂ ತಾಗಿದರೆ ಬೋಲ್ಟ್ ಮತ್ತು ಪೆಟ್ಟಿಗೆ ಸೇರಿ ಶಾರ್ಟ್ ಆದ ಒಂದು ಸುತ್ತಾಗುತ್ತದೆ. ಟ್ರಾನ್ಸ್‌ಫಾರ್ಮರ್ ಎಷ್ಟೇ ಚೆನ್ನಾಗಿದ್ದರೂ ಉಳಿಯುವುದಿಲ್ಲ.

ಹಂತ 7: ಸೀರೀಸ್ ಬೋರ್ಡಿನಲ್ಲಿ ಮೊದಲ ಕರೆಂಟು

ಸೆಕೆಂಡರಿ ತುದಿಗಳನ್ನು ಬೇರೆ ಬೇರೆಯಾಗಿ ಟೇಪ್ ಮಾಡಿ. ಪ್ರೈಮರಿಯನ್ನು 60 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡಿಗೆ ಹಾಕಿ. ಮೀಟರಿನ ಕ್ಲಿಪ್‌ಗಳನ್ನು ಮೊದಲೇ ಸಿಕ್ಕಿಸಿ, ಕೈ ದೂರ ಇಟ್ಟು ಆಮೇಲೆ ಸ್ವಿಚ್ ಒತ್ತಿ.

ಬಲ್ಬ್ ಒಮ್ಮೆ ಮಿಂಚಿ ಆರಿದರೆ, ಅಥವಾ ತಂತಿ ಸುಮ್ನೆ ನಸುಗೆಂಪಾಗಿ ಕಂಡರೆ ಸರಿ. ಪೂರ್ತಿ ಉರಿದರೆ ತಕ್ಷಣ ಆಫ್ ಮಾಡಿ. ತಲೆ-ಬಾಲ ತಪ್ಪಿದೆ, ಇಲ್ಲವೇ ಒಳಗೆ ಸುತ್ತುಗಳು ಶಾರ್ಟ್ ಆಗಿವೆ. ಎರಡನ್ನೂ ಬಲ್ಬ್ ತನ್ನ ಮೇಲೆ ಹಾಕಿಕೊಂಡು ಟ್ರಾನ್ಸ್‌ಫಾರ್ಮರನ್ನು ಉಳಿಸುತ್ತದೆ. ಬಲ್ಬ್ ಆರಿ, ಐದು ನಿಮಿಷ ಬಿಟ್ಟರೂ ಹಾಗೇ ಇದ್ದರೆ ಸೀರೀಸ್ ಬೋರ್ಡ್ ಬಿಟ್ಟು ನೇರವಾಗಿ 230 ವೋಲ್ಟಿಗೆ ಹಾಕಬಹುದು.

ಹಂತ 8: ಸೆಕೆಂಡರಿ ಹೇಗೆ ಬೇಕು?

ಭಜನೆಯ ಆಂಪ್ಲಿಫೈಯರಿಗೆ 18-0-18 ಬೇಕಿತ್ತು, ಅಂದರೆ ನಡುವಿನ ಸೆಂಟರ್ ತಂತಿಯಿಂದ ಎರಡೂ ಕಡೆ 18 ವೋಲ್ಟ್. 6 ಮತ್ತು 7 ಸೇರಿಸಿದರೆ ಅದೇ ಸೆಂಟರ್. 5 ಮತ್ತು 8 ಎರಡು ತುದಿ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಮತ್ತು ಕೆಪಾಸಿಟರ್ ದಾಟಿದ ಮೇಲೆ ಪ್ರತಿ ಕಡೆ ಸುಮಾರು 24 ವೋಲ್ಟ್ ಡಿಸಿ. ಖಾಲಿ ಇರುವಾಗ 26 ದಾಟುತ್ತದೆ, ಲೈನ್ ವೋಲ್ಟೇಜ್ ಏರಿದರೆ 29. ಕೆಪಾಸಿಟರ್ 50 ವೋಲ್ಟಿನದೇ ಹಾಕಿ, 25ರದ್ದನ್ನು ಹಾಕಬೇಡಿ. ಮತ್ತೆ 3 ಆಂಪಿಯರ್ ಎಸಿ ಎಂದರೆ 3 ಆಂಪಿಯರ್ ಡಿಸಿ ಅಲ್ಲ. ಕೆಪಾಸಿಟರ್ ಇರುವ ಕಡೆ ಅದರ ಅರುವತ್ತು ಪರ್ಸೆಂಟ್, ಅಂದರೆ 1.8 ಆಂಪಿಯರ್ ಅಂತ ಲೆಕ್ಕ ಇಡಿ.

ಒಂದೇ 36 ವೋಲ್ಟ್ ಸಾಕಾದರೆ ಇದೇ ಸಾಲು ಜೋಡಣೆ, ಸೆಂಟರ್ ಬಿಟ್ಟುಬಿಡಿ. ಸಾಲಿನಲ್ಲಿ ಬೇರೆ ಬೇರೆ ವೋಲ್ಟಿನ ವೈಂಡಿಂಗ್ ಕೂಡ ಸೇರಿಸಬಹುದು. 12 ಮತ್ತು 18 ಸೇರಿ 30, ತಿರುಗಿಸಿದರೆ 6. ಆದರೆ ಕರೆಂಟು ಅತಿ ಸಣ್ಣ ತಂತಿಯ ವೈಂಡಿಂಗ್ ಹೊರುವಷ್ಟೇ.

18 ವೋಲ್ಟ್, 6 ಆಂಪಿಯರ್ ಬೇಕಾದರೆ ಪಕ್ಕಪಕ್ಕ ಜೋಡಣೆ. ತಲೆಗೆ ತಲೆ ಸೇರಿಸಿ, ಅಂದರೆ 5 ಮತ್ತು 7. ಬಾಲಗಳನ್ನು ಸೇರಿಸುವ ಮೊದಲು ನಿಲ್ಲಿ. ಪೂರ್ತಿ ಕರೆಂಟು ಕೊಟ್ಟು 6ಕ್ಕೂ 8ಕ್ಕೂ ನಡುವೆ ಅಳೆಯಿರಿ. ಸೊನ್ನೆ ಬರಬೇಕು. ಇಲ್ಲಿ ಒಂದು ಸುತ್ತಿಗೆ 0.32 ವೋಲ್ಟ್. ಒಂದರಲ್ಲಿ ಒಂದೇ ಒಂದು ಸುತ್ತು ಕಡಿಮೆ ಇದ್ದರೂ ಆ 0.32 ವೋಲ್ಟ್ ಎರಡೂ ಸುರುಳಿಯ 0.4 ಓಮಿನಲ್ಲಿ 0.8 ಆಂಪಿಯರನ್ನು ಸುಮ್ನೆ ಸುತ್ತಿಸುತ್ತಾ ಇರುತ್ತದೆ. ಹೊರಗೆ ಏನೂ ಜೋಡಿಸದಿದ್ದರೂ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಇದು 12 ವೋಲ್ಟಿನ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಅಲ್ಲಿ ಒಂದು ಸುತ್ತಿಗೆ ಬರುವುದು ಬರೀ 0.035. ಅದಕ್ಕೇ ಪೂರ್ತಿ ವೋಲ್ಟಿನಲ್ಲಿ ಇನ್ನೊಮ್ಮೆ ನೋಡಬೇಕು. ವೋಲ್ಟ್ ಬೇರೆ ಇರುವ ವೈಂಡಿಂಗ್‌ಗಳನ್ನು ಪಕ್ಕಪಕ್ಕ ಎಂದಿಗೂ ಸೇರಿಸಬೇಡಿ.

ಹಂತ 9: ಬಿಸಿ ಪರೀಕ್ಷೆ

ಲಾರಿಯ 24 ವೋಲ್ಟ್, 70 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಎರಡು ತಂದೆ. ಒಂದೊಂದು ಸೆಕೆಂಡರಿಗೆ ಒಂದೊಂದು. 18 ವೋಲ್ಟಿನಲ್ಲಿ ಅದು ಸುಮಾರು 2.5 ಆಂಪಿಯರ್ ಎಳೆಯುತ್ತದೆ. ಎರಡು ಗಂಟೆ ಉರಿಸಿದೆ.

ಕೈಯಿಂದ ಮುಟ್ಟಿ ನೋಡಿದರೆ ಹೊರಗಿನ ಬಿಸಿ ಮಾತ್ರ ತಿಳಿಯುತ್ತದೆ. ಒಳಗಿನದನ್ನು ತಾಮ್ರವೇ ಹೇಳುತ್ತದೆ. ಪ್ಲಗ್ ಕಿತ್ತು ಕೂಡಲೇ ಪ್ರೈಮರಿಯ ಓಮ್ ಅಳೆಯಿರಿ. ಓಮ್ ನೂರಕ್ಕೆ ಹತ್ತು ಏರಿದರೆ ತಾಮ್ರ ಸುಮಾರು 26 ಡಿಗ್ರಿ ಬಿಸಿಯಾಗಿದೆ ಎಂದು ಅರ್ಥ. ತಣ್ಣಗಿದ್ದಾಗ 13.3 ಇದ್ದದ್ದು 15.3 ಆಗಿತ್ತು. ನೂರಕ್ಕೆ 15, ಅಂದರೆ 40 ಡಿಗ್ರಿ ಏರಿಕೆ. ಆ ದಿನ ಕೋಣೆ 31 ಡಿಗ್ರಿ ಇತ್ತು, ಒಳಗೆ 71. ಕಡಿಮೆ ದರ್ಜೆಯ ಎ ಕ್ಲಾಸ್ ಇನ್ಸುಲೇಷನ್ನಿಗೂ 105ರ ತನಕ ಅವಕಾಶ ಇದೆ. ಮೇ ತಿಂಗಳಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನೂ 20 ಡಿಗ್ರಿ ಸೇರಿದರೂ ತಡೆಯುತ್ತದೆ. ಏರಿಕೆಯೇ 60 ದಾಟಿದ್ದರೆ ನಾನು ಆ ಪೆಟ್ಟಿಗೆಗೆ ಅದನ್ನು ಕೂರಿಸುತ್ತಿರಲಿಲ್ಲ.

ಹುಡುಗನ ಕೈಯಲ್ಲೇ ಕೊನೆಯ ಬೆಸುಗೆ ಹಾಕಿಸಿದೆ. ಆಮೇಲೆ ಒಂದು ದಪ್ಪ ಕಾಗದದ ಮೇಲೆ ಅವನೇ ನಕ್ಷೆ ಬರೆದ: ನಾಲ್ಕು ಸುರುಳಿ, ನಾಲ್ಕು ಚುಕ್ಕೆ, ಪ್ರತಿ ತಂತಿಯ ನಂಬರು ಮತ್ತು ಬಣ್ಣ, ಓಮ್, ವೋಲ್ಟ್, ಫ್ಯೂಸ್, ತಾರೀಖು. ಎಲ್ಲ ಕನ್ನಡದಲ್ಲೇ. ಅದನ್ನು ಆಂಪ್ಲಿಫೈಯರಿನ ಮುಚ್ಚಳದ ಒಳಮೈಗೆ ಅಂಟಿಸಿದ್ದೇವೆ. ಮುಂದೆ ಯಾರೇ ಬಿಚ್ಚಿದರೂ ಮೊದಲು ಕಣ್ಣಿಗೆ ಬೀಳುವುದು ಆ ಕಾಗದ.